ಬಿಸಿಲಿನ ಮಾಳಿಗೆಗೆ ಫೋಮ್ ಹೊದಿಕೆ: ಯಾವುದು, ಎಲ್ಲಿ, ಎಷ್ಟು?

ಗೋಕಾಕ, ಮೂಡಲಗಿ, ಹುಕ್ಕೇರಿ ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ಮನೆಗಳ ಮೇಲೆ ಸೋಲಾರ್ ವಾಟರ್ ಹೀಟರ್ ಇರುವುದು ಈಗ ಸಾಮಾನ್ಯ ಸಂಗತಿ. ಹಗಲು ಕಾಯ್ದ ನೀರು ಮರುದಿನ ಮುಂಜಾನೆಯವರೆಗೂ ಬಿಸಿಯಾಗಿ ಉಳಿಯುವುದಕ್ಕೆ ಆ ಟ್ಯಾಂಕಿನ ಎರಡು ತಗಡುಗಳ ನಡುವೆ ತುಂಬಿರುವ ಪಾಲಿಯುರೆಥೇನ್ ಫೋಮ್ ಕಾರಣ. ರೆಫ್ರಿಜರೇಟರಿನ ಗೋಡೆಯಲ್ಲಿ, ಹಾಲು ಉತ್ಪಾದಕರ ಸಂಘಗಳ ಬಲ್ಕ್ ಕೂಲರಿನಲ್ಲಿ, ಮದುವೆ ಮನೆಗಳ ಹಾಟ್ ಬಾಕ್ಸಿನಲ್ಲಿ ಇರುವುದೂ ಇದೇ ವಸ್ತು. ಟ್ಯಾಂಕಿನ ನೀರಿಗೆ ದೊರೆತ ಈ ರಕ್ಷಣೆ ಟ್ಯಾಂಕಿನ ಕೆಳಗೆ ಮಲಗುವ ಮನುಷ್ಯರಿಗೆ ಮಾತ್ರ ಇನ್ನೂ ದೊರೆತಿಲ್ಲ.

ಹಿಂದೆ ಈ ಭಾಗದ ಮನೆಗಳಿಗೆ ಇಂಥ ರಕ್ಷಣೆ ಬೇರೆ ರೂಪದಲ್ಲಿತ್ತು. ಜಂತಿಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ದಪ್ಪವಾಗಿ ಮಣ್ಣು ಹೊದಿಸಿ ಕಟ್ಟಿದ ಮಾಳಿಗೆಯ ಮನೆಯೊಳಗೆ ಏಪ್ರಿಲ್ ತಿಂಗಳ ನಡುಹಗಲಿನಲ್ಲಿಯೂ ತಂಪು ಇರುತ್ತಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿ ಬಡಿಯುವ ಶ್ರಮ ಬೇಡವೆಂದು ಜನರು ಆರ್‌ಸಿಸಿ ಸ್ಲ್ಯಾಬಿಗೆ ಬಂದರು; ಅಷ್ಟು ಹಣವಿಲ್ಲದವರು ಪತ್ರಾಸಿಗೆ ಬಂದರು. ಎರಡರಲ್ಲಿಯೂ ಸೋರಿಕೆ ಕಡಿಮೆಯಾಯಿತು, ಬಿಸಿ ಹೆಚ್ಚಾಯಿತು. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳ ಪ್ರವಾಹಕ್ಕೆ ಸಿಕ್ಕಿ ಬಿದ್ದ ಮಣ್ಣಿನ ಮನೆಗಳನ್ನು ಯಾರೂ ಮತ್ತೆ ಮಣ್ಣಿನಲ್ಲಿ ಕಟ್ಟಲು ಬಯಸುವುದಿಲ್ಲ. ಈ ಹಿನ್ನೆಲೆಯಲ್ಲಿಯೇ ಸ್ಲ್ಯಾಬಿನ ಮೇಲೆ ಅಥವಾ ಪತ್ರಾಸಿನ ಒಳಮೈಗೆ ಫೋಮ್ ಸಿಂಪಡಿಸುವ ವಿಧಾನದ ಬಗ್ಗೆ ವಿಚಾರಣೆ ನಡೆಯುತ್ತಿದೆ. ಚದರ ಅಡಿಗೆ ಇಷ್ಟು ಎಂಬ ದರವೊಂದನ್ನೇ ಕೇಳಿ ಒಪ್ಪಂದ ಮಾಡಿಕೊಳ್ಳುವುದು ಈ ವ್ಯವಹಾರದಲ್ಲಿ ಆಗುವ ಮೊದಲ ತಪ್ಪು.

ಎರಡು ಜಾತಿ, ಎರಡು ಗುಣ

ಪಾಲಿಯುರೆಥೇನ್ ಎಂಬ ವಸ್ತುವನ್ನು 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಅವರ ಸಹೋದ್ಯೋಗಿಗಳು ಕಂಡುಹಿಡಿದರು. ಐಸೊಸಯನೇಟ್ ಮತ್ತು ಪಾಲಿಯೋಲ್ ಎಂಬ ಎರಡು ದ್ರವಗಳು ಸಿಂಪಡಣೆಯ ಗನ್ನಿನ ಬಾಯಿಯಲ್ಲಿ ಕೂಡಿ, ಬಿದ್ದ ಜಾಗದಲ್ಲಿ ಕೆಲವು ಕ್ಷಣಗಳಲ್ಲಿಯೇ ನೊರೆಯಾಗಿ ಉಬ್ಬಿ ಗಟ್ಟಿಯಾಗುತ್ತವೆ. ನೊರೆಯ ಗುಳ್ಳೆಗಳು ಒಡೆದು ಒಂದಕ್ಕೊಂದು ತೆರೆದುಕೊಂಡಿದ್ದರೆ ಅದು ಓಪನ್ ಸೆಲ್. ಪ್ರತಿಯೊಂದು ಗುಳ್ಳೆಯೂ ಮುಚ್ಚಿದ ಡಬ್ಬಿಯಂತೆ ಉಳಿದಿದ್ದರೆ ಅದು ಕ್ಲೋಸ್ಡ್ ಸೆಲ್.

ಓಪನ್ ಸೆಲ್ ಫೋಮ್ ಮೆತ್ತಗೆ, ಹಗುರ. ಒಂದು ಘನ ಮೀಟರ್ ತೂಗಿದರೆ ಸುಮಾರು 8 ಕಿಲೋ. ಸದ್ದನ್ನು ಚೆನ್ನಾಗಿ ಹೀರುತ್ತದೆ. ಸ್ಪಂಜಿನಂತೆ ನೀರನ್ನೂ ಹೀರುತ್ತದೆ. ಕ್ಲೋಸ್ಡ್ ಸೆಲ್ ಗಟ್ಟಿ. ಗೋಡೆಗೆ ಸಿಂಪಡಿಸುವುದು ಘನ ಮೀಟರಿಗೆ 30 ಕಿಲೋ ಆಸುಪಾಸು, ಮಾಳಿಗೆಯ ಮೇಲೆ ಹಾಕುವುದು 40ರಿಂದ 50 ಕಿಲೋ ತೂಗಬೇಕು. ಒಂದೇ ದಪ್ಪಕ್ಕೆ ಹೋಲಿಸಿದರೆ ಕ್ಲೋಸ್ಡ್ ಸೆಲ್ ಉಷ್ಣವನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚು ತಡೆಯುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಬೆಲೆಯೂ ಹೆಚ್ಚು.

ಅಮೆರಿಕ, ಕೆನಡಾ ದೇಶಗಳಲ್ಲಿ ಓಪನ್ ಸೆಲ್ ಫೋಮಿಗೆ ದೊಡ್ಡ ಮಾರುಕಟ್ಟೆ ಇರುವುದಕ್ಕೆ ಅಲ್ಲಿಯ ಮನೆಗಳು ಮರದ ಚೌಕಟ್ಟಿನವು ಎಂಬುದೇ ಮುಖ್ಯ ಕಾರಣ. ಗೋಡೆಯ ಪೊಳ್ಳಿನೊಳಗೆ ತುಂಬಿ ಮೇಲೆ ಹಲಗೆ ಹೊಡೆಯುತ್ತಾರೆ. ಕಲ್ಲು, ಇಟ್ಟಿಗೆ, ಸಿಮೆಂಟಿನ ನಮ್ಮ ಮನೆಗಳಲ್ಲಿ ಅಂಥ ಪೊಳ್ಳು ಇಲ್ಲ. ಸಿನೆಮಾ ಮಂದಿರ, ಧ್ವನಿಮುದ್ರಣ ಕೋಣೆಗಳನ್ನು ಬಿಟ್ಟರೆ ಓಪನ್ ಸೆಲ್ ಫೋಮಿಗೆ ಈ ಮೂರು ತಾಲೂಕುಗಳಲ್ಲಿ ಹೆಚ್ಚಿನ ಕೆಲಸವಿಲ್ಲ. ಅಗ್ಗವೆಂಬ ಕಾರಣಕ್ಕೆ ಅದನ್ನು ತೆರೆದ ಮಾಳಿಗೆಯ ಮೇಲೆ ಹಾಕಿಸಿಕೊಂಡರೆ ಮೊದಲ ಮಳೆಗಾಲದಲ್ಲಿಯೇ ಮನೆಯ ತಲೆಯ ಮೇಲೆ ಒದ್ದೆ ಸ್ಪಂಜು ಹೊತ್ತಂತಾಗುತ್ತದೆ. ನದಿ ದಂಡೆಯ ಓಣಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ರವಾಹಕ್ಕೆ ತಾಳುವ ಕಟ್ಟಡ ಸಾಮಗ್ರಿಗಳ ವಿಷಯದಲ್ಲಿ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯು ಕ್ಲೋಸ್ಡ್ ಸೆಲ್ ಫೋಮನ್ನು ಒಪ್ಪುತ್ತದೆ, ಓಪನ್ ಸೆಲ್ ಫೋಮನ್ನು ಒಪ್ಪುವುದಿಲ್ಲ.

ಮನೆಯ ಸೂರು ನೋಡಿ ನಿರ್ಧಾರ

ಗೋಕಾಕ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ವಾಸದ ಮನೆ ಇರುವ ಆರ್‌ಸಿಸಿ ಕಟ್ಟಡಗಳು ಬಹಳ. ಇವುಗಳಿಗೆ ಫೋಮ್ ಹಾಕುವುದಾದರೆ ಸ್ಲ್ಯಾಬಿನ ಮೇಲ್ಭಾಗದಲ್ಲಿಯೇ ಹಾಕಬೇಕು. ಕೆಳಭಾಗದಲ್ಲಿ ಹಾಕಿದರೆ ಸ್ಲ್ಯಾಬು ಬಿಸಿಲಿಗೆ ಕಾಯುವುದು ತಪ್ಪುವುದಿಲ್ಲ. ಮೇಲಾಗಿ ಸ್ಲ್ಯಾಬಿನಲ್ಲಿ ನೀರು ಇಳಿಯುತ್ತಿದ್ದರೆ ಅದು ಕಣ್ಣಿಗೆ ಕಾಣದೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಫೋಮ್ ಹಾಕುವುದರಿಂದ ಸೋರಿಕೆಯೂ ನಿಲ್ಲುತ್ತದೆ ಎಂಬ ಭರವಸೆ ಮೇಲ್ಭಾಗದ ಕ್ಲೋಸ್ಡ್ ಸೆಲ್ ಫೋಮಿನ ಮಟ್ಟಿಗೆ ಸುಳ್ಳಲ್ಲ. ಆದರೆ ಬಿರುಕುಗಳನ್ನು ಮೊದಲು ತುಂಬಿಸಿ, ಸ್ಲ್ಯಾಬು ಪೂರ್ತಿ ಒಣಗಿದ ಮೇಲೆ ಸಿಂಪಡಿಸಿದಾಗ ಮಾತ್ರ ಆ ಮಾತು ನಿಲ್ಲುತ್ತದೆ.

ನಮ್ಮಲ್ಲಿ ಮಾಳಿಗೆ ಖಾಲಿ ಜಾಗವಲ್ಲ. ಅಲ್ಲಿ ಮೆಣಸಿನಕಾಯಿ ಒಣಗುತ್ತದೆ, ಹಪ್ಪಳ ಸಂಡಿಗೆ ಒಣಗುತ್ತವೆ, ಬೇಸಿಗೆಯಲ್ಲಿ ಇಡೀ ಮನೆ ಅಲ್ಲಿಯೇ ಮಲಗುತ್ತದೆ. ಫೋಮ್ ಬಿಸಿಲಿಗೆ ತೆರೆದುಕೊಂಡರೆ ಹಳದಿಯಾಗಿ ಪುಡಿಪುಡಿಯಾಗುವುದರಿಂದ ಮೇಲೆ ರಕ್ಷಣೆಯ ಲೇಪ ಬೇಕೇ ಬೇಕು. ಜನ ಓಡಾಡುವ ಮಾಳಿಗೆಯಾದರೆ ಲೇಪ ಸಾಲದು, ಜಾಳಿಗೆ ಹಾಸಿ ಕಾಂಕ್ರೀಟು ಹಾಕಬೇಕು. ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. 1,000 ಚ. ಅಡಿ ಮಾಳಿಗೆಗೆ 50 ಮಿ.ಮೀ. ದಪ್ಪದ ಫೋಮಿನ ತೂಕ ಸುಮಾರು 200 ಕಿಲೋ. ಅದರ ಮೇಲಿನ 50 ಮಿ.ಮೀ. ಕಾಂಕ್ರೀಟಿನ ತೂಕ 11 ಟನ್. ಹಳೆಯ ಸ್ಲ್ಯಾಬು ಈ ಭಾರ ಹೊರುವುದೇ ಎಂಬುದನ್ನು ಫೋಮ್ ಮಾರುವವರಲ್ಲ, ಎಂಜಿನಿಯರರು ಹೇಳಬೇಕು.

2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾದ ಮೂಡಲಗಿಯ ಕಬ್ಬಿನ ಹೊಲಗಳ ನಡುವಿನ ತೋಟದ ಮನೆಗಳಲ್ಲಿ ಪತ್ರಾಸಿನವು ಹೆಚ್ಚು. ನಿಜವಾಗಿ ಫೋಮಿನ ಅಗತ್ಯ ಅತಿ ಹೆಚ್ಚು ಇರುವುದು ಇಂಥ ಮನೆಗಳಿಗೇ. ಸ್ಲ್ಯಾಬಿಗೆ ದಪ್ಪವಿದೆ, ಕಾಯಲು ಹೊತ್ತು ಬೇಕು. ತೆಳುವಾದ ತಗಡು ಸೂರ್ಯ ಏರಿದ ಗಳಿಗೆಯಿಂದಲೇ ಕಾಯುತ್ತದೆ. ಕಬ್ಬಿನ ರವದಿಯನ್ನು ತಗಡಿನ ಮೇಲೆ ಹೊದಿಸುವುದು ರೈತರಿಗೆ ತಿಳಿದ ಉಪಾಯ. ಅದಕ್ಕೆ ಬೆಂಕಿಯ ಭಯವಿದೆ, ಇಲಿ ಹಾವುಗಳ ಕಾಟವಿದೆ. ತಗಡಿನ ಒಳಮೈಗೆ 25 ಮಿ.ಮೀ. ಕ್ಲೋಸ್ಡ್ ಸೆಲ್ ಫೋಮ್ ಹಿಡಿಸಿದರೆ ಒಳಗಿನ ಬಿಸಿಯೂ ಮಳೆಯ ಸದ್ದೂ ಇಳಿಯುತ್ತವೆ. ತಗಡು ತುಕ್ಕು, ಎಣ್ಣೆ, ಧೂಳು ಇಲ್ಲದಂತೆ ಇರಬೇಕು. ಇಲ್ಲದಿದ್ದರೆ ಫೋಮ್ ಹಪ್ಪಳದಂತೆ ಕಳಚಿ ಬೀಳುತ್ತದೆ. ಪಶ್ಚಿಮದ ಕಡೆ ಮಳೆ ಹೆಚ್ಚಿರುವ ಹುಕ್ಕೇರಿ ತಾಲೂಕಿನ ಹಂಚಿನ ಮನೆಗಳದು ಬೇರೆಯೇ ಪ್ರಶ್ನೆ. ಹಂಚಿನ ಕೆಳಗಿನ ಕಟ್ಟಿಗೆಗೆ ಯಾವ ಜಾತಿಯ ಫೋಮನ್ನೂ ಅಂಟಿಸಬಾರದು. ಹಂಚಿನ ಸಂದಿಯಿಂದ ಇಳಿದ ನೀರು ಫೋಮ್ ಮತ್ತು ಕಟ್ಟಿಗೆಯ ನಡುವೆ ನಿಂತರೆ ಜಂತಿ ಒಳಗಿಂದಲೇ ಕೊಳೆಯುತ್ತದೆ, ಗೆದ್ದಲು ಹಿಡಿದರೂ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಮರದ ಸೂರಿನ ಒಳಗೆ ಹೀಗೆ ಫೋಮ್ ಹಾಕಿಸಿದ ಮನೆಗಳ ಮೇಲೆ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂಜರಿಯುತ್ತಿವೆ; ಸೂರಿನ ಸ್ಥಿತಿಯನ್ನು ಪರೀಕ್ಷಿಸಲು ಬಂದವರಿಗೆ ಕಟ್ಟಿಗೆಯೇ ಕಾಣುವುದಿಲ್ಲ ಎಂಬುದು ಅವುಗಳ ಆಕ್ಷೇಪ. ಫೋಮ್ ಕೀಳಿಸಲು ಹಾಕಿಸಿದ್ದಕ್ಕಿಂತ ಹೆಚ್ಚು ಖರ್ಚು ಮಾಡಿದ ಮನೆಯೊಡೆಯರು ಅಲ್ಲಿದ್ದಾರೆ. ಹಂಚಿನ ಮನೆಗೆ ಗಾಳಿಯಾಡುವ ಅಂತರ ಬಿಟ್ಟು ಕೂಡ್ರಿಸಿದ ಅಟ್ಟವೇ ಉತ್ತಮ.

ದಪ್ಪ ಹೆಚ್ಚಿದಂತೆ ಲಾಭ ಹೆಚ್ಚುವುದಿಲ್ಲ

ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿಯೇ ಓದುವ ಇಳಿಮುಖ ಪ್ರತಿಫಲ ನಿಯಮಕ್ಕೆ ಫೋಮಿನಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ. 150 ಮಿ.ಮೀ. ದಪ್ಪದ, 1,000 ಚ. ಅಡಿಯ ಬರಿಯ ಸ್ಲ್ಯಾಬನ್ನು ತೆಗೆದುಕೊಳ್ಳೋಣ. ಮೇಲ್ಮೈಗೂ ಕೋಣೆಗೂ 25 ಡಿಗ್ರಿ ಅಂತರವಿದೆ ಎಂದು ಹಿಡಿದರೆ ಅದರ ಮೂಲಕ ಸ್ಥೂಲವಾಗಿ 7,700 ವ್ಯಾಟ್ ಉಷ್ಣ ಒಳಗಿಳಿಯುತ್ತದೆ. 25 ಮಿ.ಮೀ. ಕ್ಲೋಸ್ಡ್ ಸೆಲ್ ಫೋಮ್ ಹಾಕಿದರೆ ಅದು 1,800 ವ್ಯಾಟಿಗೆ ಇಳಿಯುತ್ತದೆ, 50 ಮಿ.ಮೀ. ಹಾಕಿದರೆ 1,000ಕ್ಕೆ, 75 ಮಿ.ಮೀ. ಹಾಕಿದರೆ 700ಕ್ಕೆ. ಅಂದರೆ ಮೊದಲ ಅಂಗುಲ 5,900 ವ್ಯಾಟನ್ನು ತಡೆಯಿತು, ಎರಡನೆಯದು 800, ಮೂರನೆಯದು 300. ದರ ಮಾತ್ರ ಮೂರು ಅಂಗುಲಕ್ಕೂ ಬಹುಮಟ್ಟಿಗೆ ಒಂದೇ.

ಕೇಂದ್ರ ಸರಕಾರದ 2018ರ ಇಕೋ ನಿವಾಸ್ ಸಂಹಿತೆಯು 500 ಚ. ಮೀಟರ್ ಹಾಗೂ ಅದಕ್ಕೆ ಮೇಲ್ಪಟ್ಟ ನಿವೇಶನಗಳ ವಾಸದ ಕಟ್ಟಡಗಳಿಗೆ ಸೂರಿನ ಉಷ್ಣ ಪ್ರಸರಣ ಪ್ರಮಾಣ 1.2 ಮೀರಬಾರದೆಂದು ಹೇಳುತ್ತದೆ. ಬರಿಯ ಸ್ಲ್ಯಾಬಿನದು ಸುಮಾರು 3.3, 25 ಮಿ.ಮೀ. ಫೋಮ್ ಇದ್ದರೆ 0.77. ಸಣ್ಣ ಮನೆಗಳಿಗೆ ಈ ಸಂಹಿತೆ ಅನ್ವಯಿಸದಿದ್ದರೂ ಅಳತೆಗೋಲಾಗಿ ಬಳಸಲು ಅಡ್ಡಿಯಿಲ್ಲ. ಏಸಿ ಇಲ್ಲದ ಮನೆಗೆ 25ರಿಂದ 30 ಮಿ.ಮೀ., ಏಸಿ ಇರುವ ಮನೆಗೆ 40ರಿಂದ 50 ಮಿ.ಮೀ. ಸಾಕು. 75 ಮಿ.ಮೀ. ಹೇಳುವವರು ಶೀತಲಗೃಹದ ಲೆಕ್ಕವನ್ನು ವಾಸದ ಮನೆಗೆ ತಂದಿರುತ್ತಾರೆ.

ಹಣ ಮರಳುವ ಮಾತು

ಮೂರು ವರ್ಷದಲ್ಲಿ ವಿದ್ಯುತ್ ಬಿಲ್ಲಿನ ಉಳಿತಾಯದಿಂದಲೇ ಹಣ ವಾಪಸಾಗುತ್ತದೆ ಎಂಬುದು ಮಾರಾಟಗಾರರ ಸಾಮಾನ್ಯ ಮಾತು. ಲೆಕ್ಕ ಹಾಕಿ ನೋಡಬೇಕು. 1,000 ಚ. ಅಡಿಗೆ ಲೇಪ ಸಹಿತ ಚ. ಅಡಿಗೆ 100 ರೂ. ಎಂದು ಹಿಡಿದರೆ 1,00,000 ರೂ.; ಕಾಮಗಾರಿ ಗುತ್ತಿಗೆಯ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,18,000 ರೂ. ಮನೆಯ ಒಂದು ಏಸಿ ಬೇಸಿಗೆಯ 100 ದಿನ, ದಿನಕ್ಕೆ 8 ತಾಸು, ತಾಸಿಗೆ 1.2 ಯೂನಿಟ್‌ನಂತೆ 960 ಯೂನಿಟ್ ಬಳಸುತ್ತದೆ ಎಂದುಕೊಳ್ಳೋಣ. ಫೋಮಿನಿಂದ ಅದರಲ್ಲಿ ಮೂರನೇ ಒಂದು ಭಾಗ ಉಳಿದರೆ 320 ಯೂನಿಟ್. ಯೂನಿಟ್ಟಿಗೆ 6 ರೂ. ದರದಲ್ಲಿ ವರ್ಷಕ್ಕೆ 1,920 ರೂ. ಬಂಡವಾಳ ಮರಳಲು 61 ವರ್ಷ ಬೇಕು.

ರಾಜ್ಯ ಸರಕಾರ 2023ರಲ್ಲಿ ಆರಂಭಿಸಿದ ಗೃಹ ಜ್ಯೋತಿ ಯೋಜನೆಯು ಈ ಲೆಕ್ಕವನ್ನು ಸ್ವಲ್ಪ ಬದಲಿಸುತ್ತದೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಫೋಮಿನ ಕಾರಣದಿಂದ ಮೂರು ತಿಂಗಳು ಬಳಕೆ ಈ ಮಿತಿಯೊಳಗೆ ನಿಂತರೆ ತಿಂಗಳಿಗೆ 1,200ರಂತೆ ಇನ್ನೂ 3,600 ರೂ. ಉಳಿಯಬಹುದು. ಹಾಗಿದ್ದರೂ ಬಂಡವಾಳ ಮರಳಲು 21 ವರ್ಷ. ಗೋಕಾಕ ಮೂಡಲಗಿಗಳ ಹೆಸ್ಕಾಂ ಗ್ರಾಹಕರಾಗಲಿ, 1969ರಿಂದ ಹುಕ್ಕೇರಿಗೆ ಬೆಳಕು ಕೊಡುತ್ತಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಸದಸ್ಯರಾಗಲಿ, ತಮ್ಮ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಿಂದ ಏಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲಂತೂ ಇನ್ನೊಂದು ಏಸಿ ಕೊಳ್ಳುವುದೇ ಸುಲಭವೆಂದು ತೋರುತ್ತದೆ.

ಆದ್ದರಿಂದ ವಾಸದ ಮನೆಗೆ ಫೋಮ್ ಹಾಕಿಸುವುದನ್ನು ಹೂಡಿಕೆ ಎನ್ನುವುದಕ್ಕಿಂತ ಸೌಖ್ಯದ ಖರ್ಚು ಎಂದು ಬರೆದಿಡುವುದು ಪ್ರಾಮಾಣಿಕ. ವಯಸ್ಸಾದ ತಂದೆತಾಯಿ, ಹಸುಗೂಸು ಮಲಗುವ ಕೋಣೆಗೆ ಆ ಖರ್ಚು ಅನಗತ್ಯವೆಂದು ಯಾರೂ ಹೇಳಲಾರರು. ಆದರೆ ಸ್ಲ್ಯಾಬಿನ ಮನೆಯವರು ಮೊದಲು ಒಂದು ಬೇಸಿಗೆ ಮಾಳಿಗೆಗೆ ಬಿಳಿ ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿದು ನೋಡುವುದು ಲೇಸು. ಅದರ ಖರ್ಚು ಫೋಮಿನ ಸಣ್ಣದೊಂದು ಪಾಲು. ಅದರಿಂದ ಸಾಲದೆ ಹೋದರೆ ಮಲಗುವ ಕೋಣೆಗಳ ಮೇಲಷ್ಟೇ ಫೋಮ್ ಹಾಕಿಸಬಹುದು.

ಸರಾಫರ ತಕ್ಕಡಿಯ ಪರೀಕ್ಷೆ

ಫೋಮ್ ವ್ಯವಹಾರದಲ್ಲಿ ಬೆಲೆ ನಿಗದಿಯಾಗುವುದು ಚದರ ಅಡಿಗೆ. ಗುತ್ತಿಗೆದಾರನಿಗೆ ಖರ್ಚು ಬರುವುದು ಕಿಲೋಗೆ. ದಪ್ಪದಲ್ಲಿ 10 ಮಿ.ಮೀ., ಸಾಂದ್ರತೆಯಲ್ಲಿ 10 ಕಿಲೋ ಕಡಿಮೆಯಾದರೆ ಲೇಪ ಬಳಿದ ಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಇದನ್ನು ಹಿಡಿಯುವ ವಿಧಾನ ದಾಸ್ತಾನು ಪರಿಶೀಲನೆಯಷ್ಟೇ ಸರಳ.

1,000 ಚ. ಅಡಿ ಎಂದರೆ 93 ಚ. ಮೀಟರ್. 50 ಮಿ.ಮೀ. ದಪ್ಪಕ್ಕೆ 4.65 ಘನ ಮೀಟರ್ ಫೋಮ್ ಬೇಕು. ಒಪ್ಪಂದದ ಸಾಂದ್ರತೆ 45 ಕಿಲೋ ಆಗಿದ್ದರೆ ಎರಡೂ ದ್ರವ ಸೇರಿ ಸುಮಾರು 210 ಕಿಲೋ ಖರ್ಚಾಗಲೇಬೇಕು; ಗಾಳಿಗೆ ಹಾರುವ ಪಾಲು ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ಕೆಲಸ ಆರಂಭವಾಗುವ ಮುನ್ನ ಮತ್ತು ಮುಗಿದ ಮೇಲೆ ಪಿಪಾಯಿಗಳನ್ನು ತೂಗಿಸಬೇಕು. 140 ಕಿಲೋ ಮಾತ್ರ ಖರ್ಚಾಗಿದ್ದರೆ ಸಾಂದ್ರತೆ 30 ಇದ್ದೀತು, ಇಲ್ಲವೇ ದಪ್ಪ ಕಡಿಮೆಯಾಗಿದ್ದೀತು.

ಯಾವುದು ಕಡಿಮೆಯಾಯಿತು ಎಂದು ತಿಳಿಯಲು ಎರಡನೆಯ ಪರೀಕ್ಷೆ. ದಪ್ಪವನ್ನು ಗುರುತು ಹಾಕಿದ ದಬ್ಬಣ ಚುಚ್ಚಿ ಹತ್ತಾರು ಕಡೆ ಅಳೆಯಬಹುದು. ಅಳೆಯುವ ಜಾಗವನ್ನು ಮನೆಯೊಡೆಯರೇ ಆರಿಸಬೇಕು, ಗುತ್ತಿಗೆದಾರರಲ್ಲ. ಅನಂತರ ಲೇಪ ಬಳಿಯುವ ಮೊದಲು 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡೊಂದನ್ನು ಪೂರ್ತಿ ದಪ್ಪಕ್ಕೆ ಕತ್ತರಿಸಿ ತೆಗೆಸಬೇಕು. ಆ ಜಾಗವನ್ನು ಮತ್ತೆ ಫೋಮಿನಿಂದ ಮುಚ್ಚಿಸಬಹುದು. ತುಂಡು 50 ಮಿ.ಮೀ. ದಪ್ಪವಿದ್ದರೆ 45 ಕಿಲೋ ಸಾಂದ್ರತೆಯ ಫೋಮ್ 22.5 ಗ್ರಾಂ ತೂಗಬೇಕು, 30 ಕಿಲೋದ್ದು 15 ಗ್ರಾಂ ತೂಗುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಗೆ ಈ ವ್ಯತ್ಯಾಸ ಸರಿಯಾಗಿ ಸಿಗದಿರಬಹುದು. ಸರಾಫರ ತಕ್ಕಡಿಯಲ್ಲಿ ತಪ್ಪುವುದಿಲ್ಲ. ಅದೇ ತುಂಡನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು ಮುಂಜಾನೆ ಒರೆಸಿ ತೂಗಿದರೆ ಅದರ ಜಾತಿಯೂ ತಿಳಿಯುತ್ತದೆ. ಕ್ಲೋಸ್ಡ್ ಸೆಲ್ ಆದರೆ ಕತ್ತರಿಸಿದ ಅಂಚಿನಲ್ಲಿ ಮಾತ್ರ ಅಲ್ಪ ನೀರು ಹಿಡಿದಿರುತ್ತದೆ. ಓಪನ್ ಸೆಲ್ ತನ್ನ ತೂಕದ ಹಲವು ಪಟ್ಟು ನೀರು ಕುಡಿದಿರುತ್ತದೆ.

ಈ ಪರೀಕ್ಷೆಗಳನ್ನು ಕೆಲಸದ ದಿನ ಹೇಳಿದರೆ ಜಗಳವಾಗುತ್ತದೆ. ಜಾತಿ, ದಪ್ಪ, ಸಾಂದ್ರತೆ, ಲೇಪದ ವಿವರ, ತುಂಡು ಕತ್ತರಿಸುವ ಹಕ್ಕು ಇವೆಲ್ಲವೂ ಕೊಟೇಶನ್ನಿನಲ್ಲಿಯೇ ಬರೆದಿರಬೇಕು. ಸಿಂಪಡಿಸುವ ಪಾಲಿಯುರೆಥೇನ್ ನಿರೋಧಕಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 12432 ಭಾಗ 3 ಎಂಬ ಸಂಹಿತೆ ಇದೆ. ಅದರ ಉಲ್ಲೇಖವೂ ಇರಲಿ. ಓಝೋನ್ ಪದರಕ್ಕೆ ಹಾನಿ ಮಾಡುವ ಎಚ್‌ಸಿಎಫ್‌ಸಿ-141ಬಿ ಎಂಬ ಅನಿಲದ ಆಮದನ್ನು ಭಾರತ 2020ರ ಜನವರಿ 1ರಿಂದ ನಿಲ್ಲಿಸಿದೆ. ತಮ್ಮ ಫೋಮ್ ಯಾವ ಅನಿಲದಿಂದ ಉಬ್ಬುತ್ತದೆ ಎಂಬ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಸಾಂದ್ರತೆಯ ಪ್ರಶ್ನೆಗೂ ಸರಿಯಾಗಿ ಉತ್ತರಿಸಲಾರರು.

ಬೆಂಕಿ ಮತ್ತು ಹೊಗೆ

ಫೋಮ್ ಸುಡುವ ವಸ್ತು. ಅಗ್ನಿನಿರೋಧಕ ಬೆರೆಸಿದ್ದೇವೆ ಎಂದರೆ ಹೊತ್ತಿಕೊಳ್ಳುವುದು ತಡವಾಗುತ್ತದೆ ಎಂದರ್ಥವೇ ಹೊರತು ಸುಡುವುದಿಲ್ಲ ಎಂದಲ್ಲ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಇರುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 72 ಜನರು ಸತ್ತ ಅವಘಡದಲ್ಲಿ ಬೆಂಕಿಯನ್ನು ಹಬ್ಬಿಸಿದ್ದು ಮುಖ್ಯವಾಗಿ ಹೊರಹೊದಿಕೆಯ ಫಲಕಗಳು. ಅವುಗಳ ಹಿಂದಿದ್ದ ಫೋಮ್ ನಿರೋಧಕವೂ ಅದಕ್ಕೆ ಕೈಗೂಡಿಸಿತು. ಸ್ಲ್ಯಾಬಿನ ಮೇಲೆ ಕಾಂಕ್ರೀಟಿನ ಅಡಿಯಲ್ಲಿರುವ ಫೋಮಿಗೆ ಈ ಭಯ ಕಡಿಮೆ. ಪತ್ರಾಸಿನ ಒಳಮೈಯ ಫೋಮಿಗೆ ಬಹಳ. ಒಲೆ ಉರಿಯುವ ಅಡುಗೆ ಮನೆ, ದೀಪ ಹಚ್ಚುವ ದೇವರ ಕೋಣೆಗಳಲ್ಲಿ ಅದನ್ನು ಬಿಟ್ಟ ಮೈಯಲ್ಲಿ ಇಡಲೇಬಾರದು. ಜಿಪ್ಸಮ್ ಹಲಗೆಯಿಂದಲೋ ಜಾಳಿಗೆಯ ಮೇಲಿನ ಗಿಲಾವಿನಿಂದಲೋ ಮುಚ್ಚಬೇಕು. ಈ ಮುಚ್ಚಿಗೆಯ ಖರ್ಚನ್ನು ಕೊಟೇಶನ್ನಿನಲ್ಲಿ ಸೇರಿಸದೆ ದರ ಕಡಿಮೆ ತೋರಿಸುವುದು ಸಾಮಾನ್ಯ. ಫೋಮ್ ಹಾಕಿದ ಮೇಲೆ ಆ ತಗಡಿಗೆ ವೆಲ್ಡಿಂಗ್ ಮಾಡಿಸುವುದಂತೂ ಅಪಾಯವನ್ನು ಕರೆದಂತೆ.

ಸಿಂಪಡಣೆಯ ದಿನ ಮನೆಯವರೆಲ್ಲ, ಮುಖ್ಯವಾಗಿ ಉಬ್ಬಸದವರು, ಮನೆ ಬಿಟ್ಟು ಕನಿಷ್ಠ ಒಂದು ಹಗಲು ಒಂದು ರಾತ್ರಿ ಹೊರಗಿರಬೇಕು. ಐಸೊಸಯನೇಟ್ ಆವಿ ಉಬ್ಬಸ ತರುತ್ತದೆ. ಗನ್ ಹಿಡಿಯುವ ಹುಡುಗನ ಮುಖಕ್ಕೆ ಶುದ್ಧ ಗಾಳಿಯ ಮುಖವಾಡವಿಲ್ಲದೆ ಬರಿಯ ಕರವಸ್ತ್ರ ಕಟ್ಟಿದ್ದರೆ ಆ ಗುತ್ತಿಗೆದಾರರನ್ನು ಬಾಗಿಲಿನಿಂದಲೇ ಕಳಿಸುವುದು ಒಳ್ಳೆಯದು. ಒಂದೇ ಸಲಕ್ಕೆ ದಪ್ಪವಾಗಿ ಹೊಡೆದರೆ ಒಳಗಿನ ಕಾವಿಗೆ ಫೋಮ್ ಕಂದಾಗಿ ಸುಡುತ್ತದೆ. ಪದರ ಪದರವಾಗಿ, ನಡುವೆ ಆರಲು ಬಿಟ್ಟು ಹೊಡೆಯಬೇಕು. ಹಲವು ದಿನ ಕಳೆದರೂ ವಾಸನೆ ಹೋಗದಿದ್ದರೆ ದ್ರವಗಳ ಪ್ರಮಾಣ ತಪ್ಪಿದೆ ಎಂದರ್ಥ. ಆಷಾಢದ ಗಾಳಿಯಲ್ಲಿ ಈ ಕೆಲಸ ಹಿಡಿಯಲೇಬಾರದು, ನೆರೆಯವರ ಕಾರುಗಳಿಗೆಲ್ಲ ಫೋಮಿನ ಹನಿ ಅಂಟುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳು ಸೂಕ್ತ.

ಬಿಲ್ಲು, ತೆರಿಗೆ, ತಡೆಹಿಡಿದ ಹಣ

ಅಂಗಡಿ ಮತ್ತು ಮನೆ ಒಂದೇ ಕಟ್ಟಡದಲ್ಲಿರುವ ಸದಸ್ಯರು ಫೋಮಿನ ಬಿಲ್ಲನ್ನು ಇಡಿಯಾಗಿ ಅಂಗಡಿಯ ಹೆಸರಿಗೆ ಪಡೆದು ಹೂಡುವಳಿ ತೆರಿಗೆಯ ಜಮೆ ತೆಗೆದುಕೊಳ್ಳುವ ಆಸೆಗೆ ಬೀಳಬಾರದು. ವಾಸದ ಭಾಗಕ್ಕೆ ಜಮೆ ಸಲ್ಲುವುದಿಲ್ಲ. ಅಂಗಡಿಯ ಅಥವಾ ಗೋದಾಮಿನ ಭಾಗಕ್ಕೂ, ಖರ್ಚನ್ನು ಕಟ್ಟಡದ ಬೆಲೆಗೆ ಸೇರಿಸಿ ಸವಕಳಿ ಪಡೆದರೆ, ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನಂತೆ ಜಮೆ ತಡೆಹಿಡಿಯಲ್ಪಡುತ್ತದೆ. ದುರಸ್ತಿಯೆಂದು ಲಾಭ-ಹಾನಿ ಖಾತೆಗೆ ಬರೆದ ಮಟ್ಟಿಗೆ ಮಾತ್ರ ಜಮೆಗೆ ಅವಕಾಶವಿದೆ. ಆದರೆ ಹೊಸದಾಗಿ ಹಾಕಿದ ಫೋಮ್ ದುರಸ್ತಿಯೇ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ರಾಜಿ ತೆರಿಗೆ ಪದ್ಧತಿಯವರಿಗೆ ಈ ಪ್ರಶ್ನೆಯೇ ಇಲ್ಲ. ಬಾಡಿಗೆಗೆ ಕೊಟ್ಟ ಮನೆಯಾದರೆ ಆದಾಯ ತೆರಿಗೆಯಲ್ಲಿ ಶೇ. 30ರ ಒಟ್ಟು ಕಡಿತದಲ್ಲಿಯೇ ಇದೂ ಸೇರಿಹೋಗುತ್ತದೆ.

ಬಿಲ್ಲು ಬೇಡವೆಂದರೆ 18,000 ರೂ. ಉಳಿಯುತ್ತದೆ ಎಂಬ ಮಾತು ಬಂದೇ ಬರುತ್ತದೆ. ಹತ್ತು ವರ್ಷದ ಗ್ಯಾರಂಟಿ ಇರುವುದು ಆ ಬಿಲ್ಲಿನ ಬೆನ್ನಿಗೆ. ಬಿಲ್ಲಿಲ್ಲದವರು ಬೆಳಗಾವಿಯ ಗ್ರಾಹಕರ ಆಯೋಗದ ಮುಂದೆ ಏನನ್ನು ಹಾಜರುಪಡಿಸುತ್ತಾರೆ? ಗ್ಯಾರಂಟಿ ಕೊಡುವವರು ರಾಸಾಯನಿಕ ತಯಾರಕರೋ ಸಿಂಪಡಿಸುವ ಗುತ್ತಿಗೆದಾರರೋ ಎಂಬುದನ್ನೂ ಕಾಗದದಲ್ಲಿ ನೋಡಬೇಕು. ತಯಾರಕರ ಗ್ಯಾರಂಟಿ ದ್ರವಕ್ಕೆ ಮಾತ್ರ ಇರುತ್ತದೆ, ಫೋಮ್ ಕಳಚಿ ಬಿದ್ದರೆ ಹೊಣೆ ಗುತ್ತಿಗೆದಾರರದೇ. ದೊಡ್ಡ ಕಾಮಗಾರಿಗಳಲ್ಲಿ ರೂಢಿಯಿರುವಂತೆ ಮನೆಯ ಕೆಲಸದಲ್ಲಿಯೂ ಒಟ್ಟು ಮೊತ್ತದ ಹತ್ತನೇ ಒಂದು ಭಾಗವನ್ನು ತಡೆಹಿಡಿದು, ಒಂದು ಮಳೆಗಾಲ ಕಳೆದು ಸ್ಲ್ಯಾಬಿನ ಕೆಳಗೆ ತೇವದ ಗುರುತಿಲ್ಲವೆಂದು ನೋಡಿಕೊಂಡು, ದಸರೆಯ ಹೊತ್ತಿಗೆ ಪಾವತಿಸುವ ಕರಾರು ಮಾಡಿಕೊಳ್ಳಬಹುದು.